ಅಮಾವಾಸ್ಯೆ ತಪ್ಪಿದ ನೋಟೀಸು

ನಮ್ಮ ತಂದೆ ಬಿಜಾಪುರದ ಕಡೆಯ ಟಿಕೋಟಾದಲ್ಲಿ ಕಾಗದಪತ್ರ ಬರೆಯುತ್ತಿದ್ದರು. ಮೋಡಿ ಲಿಪಿ ಅವರಿಗೆ ನೀರು ಕುಡಿದಷ್ಟು ಸಲೀಸು. ಅವರ ಕೈಬರಹದ ಒಂದು ಬಾಡಿಗೆ ಚೀಟಿ ಈಗಲೂ ನನ್ನ ಟ್ರಂಕಿನಲ್ಲಿದೆ. ಮಡಿಕೆಯ ಜಾಗದಲ್ಲಿ ಹರಿದಿದೆ, ಮಸಿ ಕಂದಾಗಿದೆ. ನೆತ್ತಿಯ ಮೇಲೆ ‘ಭಾಡೆಚಿಠ್ಠಿ’ ಎಂಬ ಮರಾಠಿ ಮಾತು, ಒಳಗೆಲ್ಲ ನಮ್ಮ ಕನ್ನಡ. ಅಂಗಡಿ ಕಿರಾಣಿಗೆ ಕೊಟ್ಟದ್ದು, ಸೀಮೆಎಣ್ಣೆ ಡಬ್ಬಿ ಪೇರಿಸಬಾರದು, ಗೋಡೆ ಒಡೆದು ಕಿಂಡಿ ತೆಗೆಯಬಾರದು, ಮತ್ತೊಬ್ಬರಿಗೆ ಒಳಬಾಡಿಗೆ ಕೊಡಬಾರದು ಎಂದಿದೆ. ತಾರೀಖು ಎಲ್ಲಿಯೂ ಇಲ್ಲ. ‘ದೀಪಾವಳಿ ಪಾಡ್ಯದಿಂದ, ತಿಂಗಳ ಬಾಡಿಗೆ ಅಮಾಸಿಗೆ’ ಎಂದಷ್ಟೇ ಇದೆ. ಪಾಡ್ಯದ ದಿನ ಹೊಸ ಲೆಕ್ಕದ ಪುಸ್ತಕ ತೆರೆಯುವ ಪೇಟೆಗೆ ಬಾಡಿಗೆಯೂ ಅಂದೇ ಶುರುವಾಗುವುದು ಸಹಜವಾಗಿತ್ತು.

ಕರಾರು ಮುರಿದರೆ ತಂದೆಯ ಕಾಲದಲ್ಲಿ ಮೊದಲು ಹೋಗುತ್ತಿದ್ದುದು ಕಾಗದವಲ್ಲ, ಮಾತು. ಮಾಲಕರು ಇಬ್ಬರು ಹಿರಿಯರನ್ನು ಅಂಗಡಿಗೆ ಕಳಿಸುತ್ತಿದ್ದರು. ಹೋದವರು ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಏಳುವಾಗ ಆ ತಪ್ಪಿನ ಬಗ್ಗೆ ಒಂದು ಮಾತು ಹೇಳಿ ಬರುತ್ತಿದ್ದರು. ಬಬಲೇಶ್ವರದ ಕಡೆಯೂ ಇದೇ ರೀತಿ ಇತ್ತೆಂದು ತಂದೆ ಹೇಳುತ್ತಿದ್ದರು. ಎಷ್ಟೋ ತಪ್ಪುಗಳು ಅಲ್ಲಿಗೇ ತಿದ್ದಿಹೋಗುತ್ತಿದ್ದವು. ಆದರೆ ಮಾಲಕ ಬಲಿಷ್ಠನಾಗಿದ್ದು ಅಂಗಡಿಕಾರ ಬಡವನಾಗಿದ್ದರೆ, ಹಿರಿಯರ ಮಾತಿನ ಹಿಂದೆಯೇ ಸಾಮಾನು ಬೀದಿಗೆ ಬರುತ್ತಿತ್ತು. ಇದನ್ನೂ ತಂದೆಯೇ ಹೇಳಿದ್ದು. ಹೀಗಾಗಿ ಹಳೆಯದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ.

ಕಾಗದ ಬಂದದ್ದು ಕಾಯಿದೆಯ ಬೆನ್ನಿಗೆ. ಸ್ವತ್ತು ವರ್ಗಾವಣೆ ಕಾಯಿದೆ 1882ರದಾದರೂ ನಾವಿದ್ದ ಮುಂಬಯಿ ಪ್ರಾಂತಕ್ಕೆ ಅದು ಕಾಲಿಟ್ಟದ್ದು 1893ರ ಜನವರಿ 1ರಂದು. ತಿಂಗಳ ಬಾಡಿಗೆಯವನನ್ನು ಬಿಡಿಸಲು 15 ದಿನದ ಲಿಖಿತ ನೋಟೀಸು ಬೇಕು ಎಂದು ಅದರ 106ನೇ ಕಲಮು ಹೇಳಿತು. ನೋಟೀಸನ್ನು ಅಂಚೆಯಲ್ಲಿ ಕಳಿಸಬಹುದು, ಕೈಗೆ ಕೊಡಬಹುದು, ಮನೆಯವರಿಗೋ ಆಳಿಗೋ ಮುಟ್ಟಿಸಬಹುದು; ಯಾವುದೂ ಆಗದಿದ್ದರೆ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸಬಹುದು. ಯಾವ ಕೆಲಸಕ್ಕೆ ಜಾಗ ಕೊಟ್ಟಿದೆಯೋ ಅದನ್ನು ಬಿಟ್ಟು ಬೇರೆಯದಕ್ಕೆ ಬಳಸಬಾರದು ಎನ್ನುವುದು 108ನೇ ಕಲಮಿನ ಮಾತು.

ಈ ಕೊನೆಯ ಮಾತಿಗೆ ನಮ್ಮ ಬಿಜಾಪುರದಲ್ಲೇ ಒಂದು ದೊಡ್ಡ ಕಥೆಯಿದೆ. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ಸರಕಾರ ಆದಿಲ್‌ಶಾಹಿ ಕಟ್ಟಡಗಳಲ್ಲೇ ಸಂಸಾರ ಹೂಡಿತು. ಒಂದು ಮಸೀದಿ ಪ್ರವಾಸಿ ಬಂಗಲೆಯಾಯಿತು, ಇನ್ನೊಂದು ಅಂಚೆ ಕಚೇರಿಯಾಯಿತು. ಮುಂದೆ ವೈಸರಾಯ್ ಕರ್ಜನ್ ಇಂಥ ಬಳಕೆ ಸಲ್ಲದೆಂದು ಎರಡನ್ನೂ ಬಿಡಿಸಿದ. ಊರಿನ ನೋಟೀಸುಗಳನ್ನೆಲ್ಲ ಹಂಚಬೇಕಾದ ಅಂಚೆ ಕಚೇರಿಯನ್ನೇ ಜಾಗದ ದುರ್ಬಳಕೆಗಾಗಿ ಎಬ್ಬಿಸಿದ್ದು ನನಗೆ ಮರೆಯಲಾಗದ ಸಂಗತಿ.

ನಾನು ಬಿಜಾಪುರದ ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿ ಸೇರಿದ್ದು 1975ರಲ್ಲಿ. ಆಗ ಅಂಗಡಿ ಬಿಡಿಸುವುದು ಅಷ್ಟು ಸುಲಭವಿರಲಿಲ್ಲ. 1947ರ ಮುಂಬಯಿ ಬಾಡಿಗೆ ಕಾಯಿದೆ, ಬಾಕಿ ಕೇಳಿ ನೋಟೀಸು ಕೊಟ್ಟು ಒಂದು ತಿಂಗಳು ಕಾಯಬೇಕು ಎಂದಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆ ರಾಜ್ಯದ 1961ರ ಕಾಯಿದೆ ಒಂದು ತಿಂಗಳನ್ನು ಎರಡು ಮಾಡಿತು. ಇದರ ಜೊತೆಗೆ 106ನೇ ಕಲಮಿನ ನೋಟೀಸನ್ನೂ ಕೊಡುವ ರೂಢಿ. ಆ ನೋಟೀಸಿನ ಗಡುವು ಬಾಡಿಗೆ ತಿಂಗಳು ಮುಗಿಯುವ ದಿನಕ್ಕೇ ಸರಿಯಾಗಿ ಮುಗಿಯಬೇಕಿತ್ತು.

ನಾನು ಎಡವಿದ್ದು ಅಲ್ಲೇ. ಪೇಟೆಯಲ್ಲಿ ಒಬ್ಬ ವಿಧವೆಯ ಅಂಗಡಿ. ಬಾಡಿಗೆಯವನು ಬಟ್ಟೆ ವ್ಯಾಪಾರಕ್ಕೆ ಹಿಡಿದು, ನಡುವೆ ಹಲಗೆ ಹೊಡೆದು ಅರ್ಧವನ್ನು ಮತ್ತೊಬ್ಬನಿಗೆ ಕೊಟ್ಟಿದ್ದ. ವಕೀಲರು ನೋಟೀಸು ಹೇಳಿ ಬರೆಸಿ, ‘ಚೀಟಿ ನೋಡಿ ತಾರೀಖು ಹಾಕು’ ಎಂದು ಕೋರ್ಟಿಗೆ ಹೋದರು. ನಾನು ಚೀಟಿ ನೋಡಲಿಲ್ಲ. ಎಲ್ಲರಂತೆ ಇಂಗ್ಲಿಷ್ ತಿಂಗಳ ಕೊನೆಯ ತಾರೀಖು ಟೈಪು ಮಾಡಿ, ಕಾರ್ಬನ್ ಪ್ರತಿ ಫೈಲಿಗೆ ಹಾಕಿ, ರಿಜಿಸ್ಟರ್ ಅಂಚೆಗೆ ಕೊಟ್ಟು ಬಂದೆ. ಚೀಟಿಯಲ್ಲಿ ಇದ್ದದ್ದು ಪಾಡ್ಯದಿಂದ ಅಮಾವಾಸ್ಯೆ. ಒಳಬಾಡಿಗೆ ರುಜುವಾತಾಯಿತು, ಸಾಕ್ಷಿಗಳು ಗಟ್ಟಿಯಾಗಿದ್ದರು. ಆದರೂ ಗಡುವು ಬಾಡಿಗೆ ತಿಂಗಳ ಕೊನೆಗೆ ಬಿದ್ದಿಲ್ಲವೆಂದು 1978ರಲ್ಲಿ ದಾವೆ ವಜಾ ಆಯಿತು. ಆ ತಾಯಿ ಕಚೇರಿಯ ಬಾಗಿಲಲ್ಲಿ ನಿಂತು, ದನಿ ಏರಿಸದೆ, ‘ಅಮಾಸಿ ಯಾವಾಗ ಐತಿ ಅಂತ ನನ್ನ ಕೇಳಿದ್ರ ಹೇಳ್ತಿದ್ನೆಪಾ’ ಅಂದರು. ಅಷ್ಟೇ ಅಂದದ್ದು. ನನಗೆ ಆಗ ಇಪ್ಪತ್ತೊಂದು ವರ್ಷ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಮರುವರ್ಷ, 1979ರ ಆಗಸ್ಟಿನಲ್ಲಿ, ಧನಪಾಲ್ ಚೆಟ್ಟಿಯಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ರಾಜ್ಯದ ಬಾಡಿಗೆ ಕಾಯಿದೆಯಡಿ ಬಿಡಿಸುವುದಾದರೆ 106ರ ನೋಟೀಸು ಬೇಕಾಗಿಯೇ ಇಲ್ಲ. ವಕೀಲರು ತೀರ್ಪಿನ ಪುಸ್ತಕವನ್ನು ನನ್ನ ಮುಂದಿಟ್ಟು ಏನೂ ಹೇಳದೆ ಒಳಗೆ ಹೋದರು. ನೋಟೀಸನ್ನು ತಪ್ಪು ಹುಡುಕುವ ಕಣ್ಣಿನಿಂದ ಓದಬಾರದು ಎಂದು ಪ್ರಿವಿ ಕೌನ್ಸಿಲ್ 1918ರಲ್ಲೇ ಹೇಳಿತ್ತಂತೆ. ಆ ಮಾತು ನಮ್ಮ ದಾವೆಗೆ ಒದಗಿ ಬರಲಿಲ್ಲ. ತಿಂಗಳ ಕೊನೆಗೇ ಗಡುವು ಮುಗಿಯಬೇಕೆಂಬ ನಿಯಮ ಕಾಯಿದೆಯಿಂದಲೇ ಹೋದದ್ದು 2002ರ ಡಿಸೆಂಬರ್ 31ಕ್ಕೆ.

ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು ಕರ್ನಾಟಕದ ಹೊಸ ಬಾಡಿಗೆ ಕಾಯಿದೆ ಜಾರಿಗೆ ಬಂದಿತ್ತು. ವ್ಯಾಪಾರದ ಜಾಗಗಳಲ್ಲಿ 14 ಚದರ ಮೀಟರಿನೊಳಗಿನ ಅಂಗಡಿಗಳನ್ನು ಮಾತ್ರ ಅದು ಒಳಗೆ ಇಟ್ಟುಕೊಂಡಿತು. ನಮ್ಮ ಪೇಟೆಯ ಹತ್ತು ಅಡಿಗೆ ಹದಿನೈದು ಅಡಿಯ ಅಂಗಡಿ ಲೆಕ್ಕ ಹಾಕಿದರೆ 13.94 ಚದರ ಮೀಟರ್. ಕೂದಲೆಳೆಯಲ್ಲಿ ಒಳಗೆ! ಗೋಡೆಯ ದಪ್ಪ ಸೇರಿಸಬೇಕೋ ಬೇಡವೋ ಎಂದು ಟೇಪು ಹಿಡಿದು ಜಗಳವಾಡಿದವರನ್ನು ನೋಡಿದ್ದೇನೆ. ಉಳಿದ ದೊಡ್ಡ ಅಂಗಡಿಗಳೆಲ್ಲ ಮತ್ತೆ 1882ರ ಕಾಯಿದೆಯ 15 ದಿನಕ್ಕೇ ಮರಳಿದವು.

ಈ ಎಲ್ಲ ಕಲಮುಗಳಲ್ಲಿ ನನಗೆ ಹಿಡಿಸಿದ್ದು ಒಂದೇ, 1929ರಲ್ಲಿ ಸೇರಿಸಿದ 114ಎ. ಕರಾರು ಮುರಿದನೆಂದು ಹೊರಹಾಕುವ ಮೊದಲು, ಮುರಿದದ್ದು ಯಾವುದೆಂದು ನೋಟೀಸಿನಲ್ಲಿ ಹೆಸರಿಟ್ಟು ಹೇಳಬೇಕು. ತಿದ್ದಿಕೊಳ್ಳುವಂಥದ್ದಾದರೆ ತಿದ್ದಿಕೋ ಎಂದು ಕೇಳಿ, ತಕ್ಕಷ್ಟು ದಿನ ಕೊಡಬೇಕು. ಬಾಡಿಗೆ ಬಾಕಿಗೂ ಒಳಬಾಡಿಗೆಗೂ ಇದು ಅನ್ವಯಿಸುವುದಿಲ್ಲ. ಕಟ್ಟೆಯ ಮೇಲಿನ ಹಿರಿಯರು ಮಾಡುತ್ತಿದ್ದ ಕೆಲಸವನ್ನೇ ಕಾಯಿದೆ ಇಲ್ಲಿ ಕಾಗದಕ್ಕೆ ಇಳಿಸಿದೆ ಎಂದು ನನ್ನ ಎಣಿಕೆ. ಆದರೆ ಎಷ್ಟೋ ನೋಟೀಸುಗಳಲ್ಲಿ ‘ಕರಾರಿನ ಶರತ್ತುಗಳನ್ನು ಉಲ್ಲಂಘಿಸಿದ್ದೀರಿ’ ಎಂದು ಗುಂಡಾಗಿ ಬರೆದು ಮುಗಿಸುತ್ತಾರೆ. ಯಾವ ಶರತ್ತು, ಯಾವಾಗ, ಹೇಗೆ ಎಂಬುದಿಲ್ಲ. ಓದಿದವನು ಏನನ್ನು ತಿದ್ದಿಕೊಳ್ಳಬೇಕು? ಇನ್ನೊಂದು ಕಡೆ ಮಾಲಕರೂ ಎಡವುತ್ತಾರೆ. ಕರಾರು ಮುರಿದದ್ದು ಗೊತ್ತಿದ್ದೂ, ದಾವೆ ಹೂಡುವ ಮೊದಲು, ಮುಂದಿನ ತಿಂಗಳ ಬಾಡಿಗೆಯನ್ನು ಎಂದಿನಂತೆ ತೆಗೆದುಕೊಂಡರೆ 112ನೇ ಕಲಮಿನಂತೆ ತಪ್ಪನ್ನು ಮನ್ನಾ ಮಾಡಿದ ಹಾಗೆ. ಇದನ್ನು ಬಲ್ಲ ಅಂಗಡಿಕಾರರು ನೋಟೀಸು ಮುಟ್ಟಿದ ಮರುದಿನವೇ ಮನಿಯಾರ್ಡರ್ ಕಳಿಸುತ್ತಿದ್ದರು.

ನಿವೃತ್ತನಾದ ಮೇಲೆ ನಾನೂ ಒಂದು ನೋಟೀಸು ಬರೆಯಬೇಕಾಯಿತು. ಟಿಕೋಟಾದಲ್ಲಿ ತಂದೆ ಬಿಟ್ಟುಹೋದ ಅಂಗಡಿಯನ್ನು ಊರ ಹುಡುಗನೊಬ್ಬನಿಗೆ ಕಿರಾಣಿಗೆಂದು ಕೊಟ್ಟಿದ್ದೆ. ನಮ್ಮದು ದ್ರಾಕ್ಷಿ ಸೀಮೆ. ಒಣದ್ರಾಕ್ಷಿಯ ಹಂಗಾಮಿನಲ್ಲಿ ಮಣೂಕಕ್ಕೆ ಹೊಗೆ ಕೊಡಲು ಗಂಧಕ ಬೇಕು. ಅವನು ಅಕ್ಕಿ ಬೇಳೆಯ ಪಕ್ಕದಲ್ಲೇ ಗಂಧಕದ ಚೀಲ ಪೇರಿಸಿದ. ಹಿಂದಿನ ಮನೆಯಲ್ಲಿ ಮಕ್ಕಳಿದ್ದರು. ಎರಡು ಸಲ ಬಾಯಿಮಾತಿನಲ್ಲಿ ಹೇಳಿದೆ. ಆಮೇಲೆ, 2024ರ ಫೆಬ್ರವರಿಯಲ್ಲಿ, ಒಂದೇ ಪುಟದ ಕಾಗದ ಬರೆದೆ: ಕರಾರಿನ ಇಂಥ ಶರತ್ತು, ಇಂಥ ದಿನ ಹನ್ನೊಂದು ಚೀಲ ಕಂಡಿದ್ದೇನೆ, ಇಂಥ ದಿನದೊಳಗೆ ತೆಗೆದರೆ ನನ್ನ ತಕರಾರಿಲ್ಲ. ರಿಜಿಸ್ಟರ್ ಅಂಚೆಯಲ್ಲೇ ಕಳಿಸಿದೆ. ಮರುವರ್ಷ ಆ ಅಂಚೆ ಸ್ಪೀಡ್ ಪೋಸ್ಟಿನಲ್ಲಿ ಕರಗಿತು.

ಕಾಗದ ಮುಟ್ಟಿದ ಸಂಜೆ ನಾನೇ ಅಂಗಡಿಗೆ ಹೋದೆ. ಹುಡುಗನ ಮುಖ ಬಾಡಿತ್ತು.

‘ಕಾಕಾ, ಬಾಯಿಲೆ ಹೇಳಿದ್ರ ಸಾಕಾಗ್ತಿತ್ತಲ್ರೀ.’

‘ಎರಡ ಸಲ ಹೇಳೇನಪಾ. ಈಗ ಓದು.’

ಅವನು ಬೆರಳಿಟ್ಟು ಸಾಲು ಸಾಲಾಗಿ ಓದಿದ. ಗಡುವಿನ ಸಾಲಿಗೆ ಬಂದಾಗ ಬೆರಳು ನಿಂತಿತು. ಅಲ್ಲಿ ಮಾರ್ಚ್ 10 ಎಂದು ಬರೆದು, ಕೆಳಗೆ ‘ಶಿವರಾತ್ರಿ ಅಮಾಸಿ’ ಎಂದೂ ಬರೆದಿದ್ದೆ. ಕಾಯಿದೆಗೆ ಈಗ ಅದು ಬೇಕಿಲ್ಲ. ಹುಡುಗ ಎದ್ದು, ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿ, ಆ ದಿನಕ್ಕೆ ಪೆನ್ನಿನಿಂದ ಗುಂಡು ಸುತ್ತಿದ.