ಅಮೆರಿಕದ ಜನಸ್ಮೃತಿಯಲ್ಲಿ ಎಂಟು ರಾತ್ರಿಗಳು

ರಾಜ್ಯಗಳ ಏಳುಬೀಳುಗಳನ್ನೂ ಯುದ್ಧಸಂಧಿಗಳನ್ನೂ ಬರೆದಿಡುವುದರಲ್ಲಿ ಚರಿತ್ರಕಾರರಿಗೆ ಇರುವ ಶ್ರದ್ಧೆ, ಜನರು ರಾತ್ರಿಯ ಊಟವಾದ ಬಳಿಕ ಏನನ್ನು ನೋಡಿ ನಕ್ಕರು, ಯಾವುದಕ್ಕೆ ಕಣ್ಣೀರು ತಂದುಕೊಂಡರು ಎಂಬುದನ್ನು ತಿಳಿಯುವುದರಲ್ಲಿ ಇರುವುದಿಲ್ಲ. ವಿನೋದವು ಗಂಭೀರ ವಿಚಾರಕ್ಕೆ ತಕ್ಕುದಲ್ಲವೆಂಬ ಭಾವನೆಯೇ ಇದಕ್ಕೆ ಕಾರಣವಾಗಿರಬಹುದು. ಆದರೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಅಮೆರಿಕವನ್ನು ಅರಿಯಬೇಕೆನ್ನುವವರಿಗೆ ಈ ಉಪೇಕ್ಷೆ ಸಲ್ಲದು. 1960ರಿಂದ 1990ರವರೆಗಿನ ಮೂವತ್ತು ವರ್ಷಗಳಲ್ಲಿ ಆ ದೇಶದ ಜನ ತಮ್ಮ ಮುಖವನ್ನು ತಾವು ಕಂಡುಕೊಂಡದ್ದು ಬಹುಮಟ್ಟಿಗೆ ಟೆಲಿವಿಷನ್ನಿನ ಗಾಜಿನಲ್ಲಿಯೇ. ಈಗ ಮುಪ್ಪಿಗೆ ಬಂದಿರುವವರು ಆ ಕಾಲವನ್ನು ನೆನೆಯುವಾಗ ಒಂದು ಮಾತನ್ನು ಆಡದಿರುವುದು ಅಪರೂಪ: ಆಗ ನಾವೆಲ್ಲರೂ ಒಂದನ್ನೇ ನೋಡುತ್ತಿದ್ದೆವು ಎಂದು. ಆ 'ನಾವೆಲ್ಲರೂ' ಎಂಬ ಮಾತಿನೊಳಗೆ ಯಾರು ಯಾರು ಸೇರಿದ್ದರು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ಆ ಮಾತೇನೋ ಸುಳ್ಳಲ್ಲ. 1950ರಲ್ಲಿ ಅಮೆರಿಕದ ನೂರು ಮನೆಗಳ ಪೈಕಿ ಸುಮಾರು ಒಂಬತ್ತರಲ್ಲಿ ಮಾತ್ರ ಟೆಲಿವಿಷನ್ ಯಂತ್ರವಿದ್ದಿತು. ಹತ್ತೇ ವರ್ಷಗಳಲ್ಲಿ ಆ ಸಂಖ್ಯೆ ಎಂಬತ್ತೇಳಕ್ಕೆ ಏರಿತು. ಯಂತ್ರಗಳು ಕೋಟಿಗಟ್ಟಲೆಯಾದರೂ ಅವುಗಳಿಗೆ ನೀರು ಹರಿಸುವ ಕಾಲುವೆಗಳು ಮೂರೇ: ಸಿ.ಬಿ.ಎಸ್., ಎನ್.ಬಿ.ಸಿ., ಎ.ಬಿ.ಸಿ. ಎಂಬ ಮೂರು ಪ್ರಸಾರ ಸಂಸ್ಥೆಗಳು. 1964ರ ಫೆಬ್ರವರಿ 9ರ ಭಾನುವಾರ ರಾತ್ರಿ ಎಡ್ ಸಲಿವನ್ನರ ಕಾರ್ಯಕ್ರಮದಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡದವರು ಹಾಡಿದಾಗ ನೋಡಿದವರು ಏಳು ಕೋಟಿಗೆ ಮೇಲ್ಪಟ್ಟಿದ್ದರು. 1987ರಲ್ಲಿ ರಾಮಾಯಣ ಧಾರಾವಾಹಿ ಬರುತ್ತಿದ್ದ ಭಾನುವಾರದ ಬೆಳಿಗ್ಗೆ ನಮ್ಮ ಊರುಗಳ ಬೀದಿಗಳು ಹೇಗೆ ಬರಿದಾಗುತ್ತಿದ್ದವೆಂಬುದನ್ನು ಬಲ್ಲ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಆದರೆ ಈ ಏರ್ಪಾಡಿಗೆ ಒಂದು ಗುಣವಿದ್ದಿತು. ನೋಡುವವನು ಕಾಸು ಕೊಡಬೇಕಾಗಿರಲಿಲ್ಲ. ಸಾಬೂನು, ಸಿಗರೇಟು, ಮೋಟಾರು ಗಾಡಿಗಳ ವರ್ತಕರು ಜಾಹೀರಾತಿನ ರೂಪದಲ್ಲಿ ಅದನ್ನು ತೆರುತ್ತಿದ್ದರು. ಹೆಚ್ಚು ಜನ ನೋಡಬೇಕು, ಯಾರೊಬ್ಬರೂ ಸಿಟ್ಟಾಗಬಾರದು ಎಂಬುದೇ ವರ್ತಕನ ಧರ್ಮವಷ್ಟೆ. ಯಾರ ಸಿಟ್ಟಿಗೆ ಅವನು ಅಂಜುತ್ತಿದ್ದನೆಂಬುದನ್ನು ತಿಳಿಯಬೇಕಾದರೆ ಕೊಂಚ ಹಿಂದಕ್ಕೆ ಹೋಗಬೇಕು. ನ್ಯಾಟ್ ಕಿಂಗ್ ಕೋಲ್ ಎಂಬ ಗಾಯಕರು ಕಪ್ಪು ಜನಾಂಗದವರು. ದೇಶವೆಲ್ಲ ಮೆಚ್ಚಿದ ಕಂಠ ಅವರದು. ಎನ್.ಬಿ.ಸಿ. 1956ರ ನವೆಂಬರಿನಲ್ಲಿ ಅವರ ಹೆಸರಿನಲ್ಲಿಯೇ ಒಂದು ಕಾರ್ಯಕ್ರಮವನ್ನು ಆರಂಭಿಸಿತು. ಒಂದು ವರ್ಷಕ್ಕೂ ಮೇಲೆ ನಡೆದರೂ ದೇಶವ್ಯಾಪಿಯಾದ ಒಬ್ಬ ಜಾಹೀರಾತುದಾರನೂ ಅದಕ್ಕೆ ದೊರೆಯಲಿಲ್ಲ. ದಕ್ಷಿಣದ ಬಿಳಿಯ ಗಿರಾಕಿಗಳು ಮುನಿದಾರೆಂಬ ಭಯ. 1957ರ ಡಿಸೆಂಬರಿನಲ್ಲಿ ಅದು ನಿಂತುಹೋಯಿತು.

ಅರುವತ್ತರ ದಶಕದಲ್ಲಿ ಬಾಗಿಲು ಸ್ವಲ್ಪ ಸ್ವಲ್ಪವಾಗಿ ತೆರೆಯಿತು. ಮೊದಲು ತೆರೆದದ್ದು ವಿನೋದದ ಕಡೆಯಿಂದಲ್ಲ, ವಾರ್ತೆಯ ಕಡೆಯಿಂದ. 1965ರ ಮಾರ್ಚಿ 7ರ ಭಾನುವಾರ ಅಲಬಾಮದ ಸೆಲ್ಮಾ ಪಟ್ಟಣದಲ್ಲಿ ಮತದ ಹಕ್ಕಿಗಾಗಿ ಮೆರವಣಿಗೆ ಹೊರಟ ಕಪ್ಪು ಜನರನ್ನು ಪೊಲೀಸರು ಸೇತುವೆಯ ಮೇಲೆ ಲಾಠಿಗಳಿಂದ ಬಡಿದರು. ಆ ರಾತ್ರಿ ಎ.ಬಿ.ಸಿ. ಜರ್ಮನಿಯ ನಾಜಿಗಳ ವಿಚಾರಣೆಯನ್ನು ಕುರಿತ ಒಂದು ಚಲಚ್ಚಿತ್ರವನ್ನು ತೋರಿಸುತ್ತಿದ್ದಿತು. ಅದನ್ನು ನಡುವೆಯೇ ನಿಲ್ಲಿಸಿ ಸೆಲ್ಮಾದ ದೃಶ್ಯಗಳನ್ನು ತೋರಿಸಿತು. ಪರದೇಶದ ಪಾಪವನ್ನು ನೋಡುತ್ತ ಆರಾಮವಾಗಿ ಕುಳಿತಿದ್ದವರಿಗೆ ಸ್ವದೇಶದ ಪಾಪವು ಹೀಗೆ ಎದುರಾದುದು ಕಾಕತಾಳೀಯವೇ ಇರಬಹುದು. ಆದರೂ ಯಾವ ಕವಿಯೂ ಇದಕ್ಕಿಂತ ಚೆನ್ನಾಗಿ ಕಲ್ಪಿಸಲಾರನು.

ವಿನೋದದ ಕಡೆ ಕೆಲಸ ಮೆಲ್ಲನೆ ನಡೆಯಿತು. 1966ರಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್' ಎಂಬ ಆಕಾಶಯಾನದ ಕಥೆಯಲ್ಲಿ ನಿಶೆಲ್ ನಿಕೋಲ್ಸ್ ಎಂಬ ಕಪ್ಪು ಮಹಿಳೆ ನೌಕೆಯ ಅಧಿಕಾರಿಗಳಲ್ಲಿ ಒಬ್ಬಳ ಪಾತ್ರವನ್ನು ವಹಿಸಿದ್ದರು. ಒಂದು ವರ್ಷದ ಬಳಿಕ ಅವರು ಬಿಟ್ಟುಹೋಗಬೇಕೆಂದಿದ್ದಾಗ ಮಾರ್ಟಿನ್ ಲೂಥರ್ ಕಿಂಗರೇ ಬೇಡವೆಂದು ತಡೆದರೆಂದು ಆಕೆ ಮುಂದೆ ಅನೇಕ ಸಲ ಹೇಳಿದ್ದಾರೆ. 1968ರಲ್ಲಿ 'ಜೂಲಿಯಾ' ಬಂದಿತು. ಅದರ ನಾಯಿಕೆ ದಾದಿಯ ಕೆಲಸದಲ್ಲಿದ್ದ ಒಬ್ಬ ಕಪ್ಪು ವಿಧವೆ. 1974ರಲ್ಲಿ ಬಂದ 'ಗುಡ್ ಟೈಮ್ಸ್' ಎಂಬುದರಲ್ಲಿ ಷಿಕಾಗೋ ನಗರದ ಬಡ ಕಪ್ಪು ಸಂಸಾರವೊಂದು ಕಾಣಿಸಿತು. ಅದರಲ್ಲಿ ತಂದೆಯ ಪಾತ್ರ ವಹಿಸಿದ ಜಾನ್ ಏಮಸ್, ತಮ್ಮ ಜನವನ್ನು ಬರಿಯ ನಗೆಪಾಟಲಾಗಿ ತೋರಿಸುವುದು ಸರಿಯಲ್ಲವೆಂದು ಬರಹಗಾರರೊಡನೆ ವಾದಿಸುತ್ತಿದ್ದರು. ಫಲವಾಗಿ ಅವರನ್ನು ಕೆಲಸದಿಂದ ಬಿಡಿಸಲಾಯಿತು; 1976ರಲ್ಲಿ ಕಥೆಯೊಳಗಿನ ತಂದೆ ಅಪಘಾತದಲ್ಲಿ ಸತ್ತನೆಂದು ತೋರಿಸಿದರು. ಈ ಸತ್ತ ತಂದೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಅದೇ 1976ರಲ್ಲಿ ಅಲೆಕ್ಸ್ ಹೇಲಿಯವರ 'ರೂಟ್ಸ್' ಎಂಬ ಗ್ರಂಥವು ಪ್ರಕಟವಾಯಿತು. ಆಫ್ರಿಕದ ಗ್ಯಾಂಬಿಯಾದಲ್ಲಿ ಸೆರೆಸಿಕ್ಕು ಅಮೆರಿಕಕ್ಕೆ ಮಾರಲ್ಪಟ್ಟ ಕುಂಟಾ ಕಿಂಟೆ ಎಂಬ ಯುವಕನಿಂದ ಮೊದಲ್ಗೊಂಡು ತಮ್ಮ ವಂಶದ ಕಥೆಯನ್ನು ಹೇಲಿಯವರು ಅದರಲ್ಲಿ ಹೇಳಿದ್ದರು. ಎ.ಬಿ.ಸಿ. ಇದನ್ನು ಧಾರಾವಾಹಿಯಾಗಿ ತೆಗೆಯಿಸಿತು. ವಾರಕ್ಕೊಂದು ಕಂತನ್ನು ತೋರಿಸುವುದು ರೂಢಿ. ಇದನ್ನಾದರೋ 1977ರ ಜನವರಿ 23ರಿಂದ 30ರವರೆಗೆ ಎಂಟು ರಾತ್ರಿಗಳಲ್ಲಿ ಬಿಡುವಿಲ್ಲದೆ ತೋರಿಸಿದರು. ಇದು ಧೈರ್ಯವೆಂದು ಮುಂದೆ ಹೊಗಳಿಕೊಂಡದ್ದುಂಟು. ಜನ ಮೆಚ್ಚದೆ ಹೋದರೆ ನಷ್ಟವು ಒಂದೇ ವಾರದಲ್ಲಿ ಮುಗಿದುಹೋಗಲೆಂಬ ಅಂಜಿಕೆಯೂ ಇದ್ದಿತೆಂದು ಹೇಳುವರು. ಎರಡೂ ನಿಜವಿರಬಾರದೆಂದೇನೂ ಇಲ್ಲ.

ಅಂಜಿದವರು ಮಾಡಿದ ಉಪಾಯವೊಂದಿದೆ. ದಾಸ್ಯದ ಕಥೆಯನ್ನು ಬಿಳಿಯರು ನೋಡಬೇಕಾದರೆ ಅವರಿಗೆ ಪರಿಚಿತವಾದ ಮುಖಗಳು ಇರಬೇಕೆಂದು ಬಗೆದು ಬಿಳಿಯರ ಪಾತ್ರಗಳಿಗೆ ಟೆಲಿವಿಷನ್ನಿನ ಅಚ್ಚುಮೆಚ್ಚಿನ ನಟರನ್ನೇ ಆರಿಸಿದರು. 'ಬೊನಾಂಜಾ' ಕಥೆಯಲ್ಲಿ ಹದಿನಾಲ್ಕು ವರ್ಷ ಮೂವರು ಮಕ್ಕಳ ನ್ಯಾಯನಿಷ್ಠ ತಂದೆಯಾಗಿ ಪೂಜ್ಯರಾಗಿದ್ದ ಲಾರ್ನ್ ಗ್ರೀನ್, ಇಲ್ಲಿ ಕುಂಟಾನನ್ನು ಕೊಂಡುಕೊಳ್ಳುವ ಜಮೀನುದಾರ. 'ಬ್ರೇಡಿ ಬಂಚ್' ಕಥೆಯ ತಂದೆ ರಾಬರ್ಟ್ ರೀಡ್, ಇಲ್ಲಿ ಮುಂದಿನ ಯಜಮಾನ. 'ವಾಲ್ಟನ್ಸ್' ಕಥೆಯ ಬಡ ತಂದೆ ರಾಲ್ಫ್ ವೇಟ್, ಇಲ್ಲಿ ಗುಲಾಮರ ಹಡಗಿನ ನಿಷ್ಠುರ ನೌಕರ. 'ರೈಫಲ್‌ಮ್ಯಾನ್' ಕಥೆಯಲ್ಲಿ ತಾಯಿಯಿಲ್ಲದ ಮಗನನ್ನು ಸಾಕಿದ ತಂದೆ ಚಕ್ ಕಾನರ್ಸ್, ಇಲ್ಲಿ ಕುಂಟಾನ ಮಗಳ ಮಾನಗೆಡಿಸುವ ಒಡೆಯ. ಹಡಗಿನ ನಾಯಕನ ಪಾತ್ರದಲ್ಲಿ ನೋಡುವವರ ಸಮಾಧಾನಕ್ಕಾಗಿ ಸ್ವಲ್ಪ ಅಂತಃಸಾಕ್ಷಿಯನ್ನೂ ಬೆರೆಸಿದರು. ಹೀಗೆ ಕಹಿಮದ್ದಿಗೆ ಬೆಲ್ಲ ಹಚ್ಚಿದಂತಾಯಿತೆಂದು ಅವರು ತಿಳಿದಿರಬೇಕು. ಆದರೆ ಆದುದೇ ಬೇರೆ. ಯಾವ ತಂದೆಯರನ್ನು ನೋಡುತ್ತ ಅಮೆರಿಕದ ಒಂದು ಪೀಳಿಗೆಯ ಮಕ್ಕಳು ಒಳ್ಳೆಯತನವೆಂದರೆ ಇದೇ ಎಂದು ಕಲಿತಿದ್ದರೋ, ಆ ತಂದೆಯರೇ ಕೈಯಲ್ಲಿ ಸರಪಣಿ ಹಿಡಿದು ನಿಂತರು. ದುಷ್ಟನು ಹೊರಗಿನವನೆಂದು ಹೇಳಿಕೊಳ್ಳಲು ಅವಕಾಶವೇ ಉಳಿಯಲಿಲ್ಲ. ಸಂಸ್ಥೆಯವರು ಅಂಜಿ ಮಾಡಿದ ಏರ್ಪಾಡೇ ಆ ಕೃತಿಯ ಅತ್ಯಂತ ತೀಕ್ಷ್ಣವಾದ ಅಂಶವಾಯಿತೆಂದು ನನ್ನ ಅಭಿಪ್ರಾಯ.

ಯುವಕ ಕುಂಟಾನಾಗಿ ನಟಿಸಿದ ಲೆವಾರ್ ಬರ್ಟನ್ ಆಗ ಕಾಲೇಜಿನ ವಿದ್ಯಾರ್ಥಿ, ವಯಸ್ಸು ಹತ್ತೊಂಬತ್ತು. ಟೋಬಿ ಎಂಬ ಹೊಸ ಹೆಸರನ್ನು ಒಪ್ಪಿಕೊಳ್ಳುವವರೆಗೂ ಅವನನ್ನು ಕಟ್ಟಿ ಚಾವಟಿಯಿಂದ ಹೊಡೆಯುವ ದೃಶ್ಯವನ್ನು ಕಂಡವರು ಅರ್ಧ ಶತಮಾನವಾದರೂ ಮರೆತಿಲ್ಲ. ಪ್ರೌಢನಾದ ಕುಂಟಾನ ಪಾತ್ರ ಯಾರದು? ಮೊದಲು ಹೇಳಿದ ಜಾನ್ ಏಮಸ್ ಅವರದು. ಒಂದು ನಗೆಕಥೆಯೊಳಗೆ ಕೊಲ್ಲಲ್ಪಟ್ಟ ತಂದೆ, ಕಾಲಿನ ಪಾದವನ್ನು ಕಡಿಸಿಕೊಂಡರೂ ಮಗಳಿಗೆ ತನ್ನ ನಿಜವಾದ ಹೆಸರನ್ನು ಹೇಳಿಕೊಟ್ಟುಹೋಗುವ ತಂದೆಯಾಗಿ ಮರಳಿ ಬಂದನು.

ಸುಮಾರು 13 ಕೋಟಿ ಜನ ಈ ಕಥೆಯ ಒಂದಲ್ಲ ಒಂದು ಭಾಗವನ್ನು ನೋಡಿದರೆಂದು ಲೆಕ್ಕ; ದೇಶದ ಜನಸಂಖ್ಯೆ ಆಗ 22 ಕೋಟಿ. ಕೊನೆಯ ರಾತ್ರಿ ಟೆಲಿವಿಷನ್ ಇದ್ದ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು ಇದನ್ನೇ ಹಾಕಿಕೊಂಡಿದ್ದವು. ಬಿಳಿಯರೂ ಕಪ್ಪು ಜನರೂ ತಮ್ಮ ತಮ್ಮ ಅಜ್ಜ ಮುತ್ತಜ್ಜಂದಿರ ಹೆಸರುಗಳನ್ನು ಹುಡುಕಿಕೊಂಡು ಸರಕಾರದ ದಾಖಲೆಯ ಭಂಡಾರಗಳಿಗೆ ಬರತೊಡಗಿದರು. ಒಡೆಯನ ಲೆಕ್ಕದ ಪುಸ್ತಕದಲ್ಲಿ ಬರಿಯ ವಯಸ್ಸೂ ಬೆಲೆಯೂ ಆಗಿ ಉಳಿದವರ ಮೊಮ್ಮಕ್ಕಳಿಗೆ ಈ ಹುಡುಕಾಟವು ಎಷ್ಟು ಕಠಿನವೆಂಬುದನ್ನು ಊಹಿಸಬಹುದು.

ಇಲ್ಲಿ ಚರಿತ್ರೆಯ ವಿದ್ಯಾರ್ಥಿಯು ಒಂದು ಮಾತನ್ನು ಮುಚ್ಚಿಡಬಾರದು. ಹೇಲಿಯವರ ಗ್ರಂಥವು ನಿರ್ದುಷ್ಟವಾದುದಲ್ಲ. ಹೆರಾಲ್ಡ್ ಕೋರ್ಲ್ಯಾಂಡರ್ ಎಂಬವರ 1967ರ ಕಾದಂಬರಿಯೊಂದರ ಭಾಗಗಳು ಅದರಲ್ಲಿ ಸೇರಿಕೊಂಡಿವೆಯೆಂದು ದಾವೆ ನಡೆದು, 1978ರಲ್ಲಿ ಹೇಲಿಯವರು ಅದನ್ನು ಒಪ್ಪಿ 6,50,000 ಡಾಲರುಗಳನ್ನು ಕೊಟ್ಟು ರಾಜಿಮಾಡಿಕೊಂಡರು. ವಂಶಾವಳಿಯ ತಜ್ಞರು ದಾಖಲೆಗಳನ್ನು ಪರಿಶೋಧಿಸಿ ಅವರ ವಂಶವೃಕ್ಷದ ಹಲವು ಕೊಂಡಿಗಳು ನಿಲ್ಲುವುದಿಲ್ಲವೆಂದು 1981ರಲ್ಲಿ ತೋರಿಸಿದರು. ಆದ್ದರಿಂದ ಅದನ್ನು ಒಂದು ಮನೆತನದ ಚರಿತ್ರೆಯೆಂದು ಓದಲಾಗದು. ಆದರೆ ಹಡಗುಗಳು ಬಂದದ್ದು, ಹೆಸರುಗಳನ್ನು ಕಿತ್ತುಕೊಂಡದ್ದು, ಮಕ್ಕಳನ್ನು ಮಾರಿದ್ದು ಹೇಲಿಯವರ ಸಾಕ್ಷ್ಯವನ್ನು ನಂಬಿ ನಿಂತ ಸಂಗತಿಗಳಲ್ಲ.

ಮುಂದಿನ ಕಥೆ ಬೇಗ ಮುಗಿಯುತ್ತದೆ. 1983ರ ಫೆಬ್ರವರಿ 28ರಂದು 'ಮ್ಯಾಷ್' ಎಂಬ ಧಾರಾವಾಹಿಯ ಕೊನೆಯ ಕಂತನ್ನು ಹತ್ತು ಕೋಟಿಗೆ ಮೇಲ್ಪಟ್ಟ ಜನ ನೋಡಿದರು. ಕೊರಿಯದ ಯುದ್ಧ ನಡೆದದ್ದು ಮೂರು ವರ್ಷ. ಅದನ್ನು ಕುರಿತ ಈ ಕಥೆ ನಡೆದದ್ದು ಹನ್ನೊಂದು. ಒಂದು ಧಾರಾವಾಹಿಗಾಗಿ ಅಂತಹ ಜನಸಂದಣಿ ಆ ದೇಶದಲ್ಲಿ ಮತ್ತೆ ಕೂಡಲಿಲ್ಲ. ತಂತಿಯ ಮೂಲಕ ಹತ್ತಾರು ವಾಹಿನಿಗಳು ಮನೆಗಳನ್ನು ಹೊಕ್ಕಿದ್ದವು. 1981ರ ಆಗಸ್ಟ್ 1ರಂದು ಹಾಡುಗಳಿಗಾಗಿಯೇ ಎಂ.ಟಿ.ವಿ. ಹುಟ್ಟಿತು, ಹುಟ್ಟುತ್ತಲೇ ಹಳೆಯ ರೋಗವನ್ನೂ ತಂದಿತು. ಅಲ್ಲಿ ಕಪ್ಪು ಗಾಯಕರು ಏಕೆ ಇಷ್ಟು ವಿರಳವೆಂದು ಡೇವಿಡ್ ಬೋವಿ ಎಂಬ ಇಂಗ್ಲಿಷ್ ಗಾಯಕರು 1983ರಲ್ಲಿ ಅದೇ ವಾಹಿನಿಯ ಸಂದರ್ಶಕನನ್ನು ಮುಖಕ್ಕೆ ಮುಖ ಕೊಟ್ಟು ಕೇಳಿದರು. ಆ ವರ್ಷವೇ ಮೈಕೆಲ್ ಜಾಕ್ಸನ್ನರ ಹಾಡುಗಳು ಆ ಬಾಗಿಲನ್ನು ಒಡೆದುವು. ನ್ಯಾಟ್ ಕಿಂಗ್ ಕೋಲರ ಕಾರ್ಯಕ್ರಮ ನಿಂತು ಇಪ್ಪತ್ತೈದು ವರ್ಷಗಳಾಗಿದ್ದವು.

ಇಷ್ಟೆಲ್ಲ ನೆನಪಿಗೆ ಆಧಾರವಾದ ಸುರುಳಿಗಳನ್ನು ಅವುಗಳ ಒಡೆಯರೇ ಕಾಪಾಡಲಿಲ್ಲವೆಂಬುದು ವಿಷಾದದ ಸಂಗತಿ. ಟೇಪಿನ ಬೆಲೆ ಹೆಚ್ಚು. ಅಳಿಸಿ ಮತ್ತೆ ಬಳಸುವುದು ಪದ್ಧತಿ. ಜಾನಿ ಕಾರ್ಸನ್ನರ ಹೆಸರಾಂತ ರಾತ್ರಿಯ ಗೋಷ್ಠಿಯ ಮೊದಲ ಹತ್ತು ವರ್ಷಗಳ ಬಹುಭಾಗ ಹೀಗೆ ನಾಶವಾಯಿತು. ಮನೆಯಲ್ಲಿಯೇ ಚಿತ್ರವನ್ನು ಹಿಡಿದಿಡುವ ಯಂತ್ರವು 1975ರಲ್ಲಿ ಬಂದಾಗ, ಇದು ಕಳ್ಳತನಕ್ಕೆ ಸಹಾಯವೆಂದು ಚಿತ್ರಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು. 1984ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಐವರು ನಾಲ್ವರ ಬಹುಮತದಿಂದ ಅವರ ವಾದವನ್ನು ತಳ್ಳಿಹಾಕಿತು.

ಆ ಯಂತ್ರವನ್ನು ಬಹಳ ಮುಂಚೆಯೇ ಕೊಂಡವರಲ್ಲಿ ಫಿಲಡೆಲ್ಫಿಯಾ ನಗರದ ಮೇರಿಯನ್ ಸ್ಟೋಕ್ಸ್ ಎಂಬವರೊಬ್ಬರು. ಕಪ್ಪು ಜನಾಂಗದ ಮಹಿಳೆ. ಹಿಂದೆ ಪುಸ್ತಕಭಂಡಾರದಲ್ಲಿ ಕೆಲಸಮಾಡಿದ್ದವರು. 1979ರ ಇರಾನಿನ ಒತ್ತೆಯಾಳುಗಳ ಪ್ರಕರಣದ ಕಾಲದಿಂದ ಅವರು ಟೆಲಿವಿಷನ್ನಿನಲ್ಲಿ ಬರುತ್ತಿದ್ದುದನ್ನು, ವಿಶೇಷವಾಗಿ ವಾರ್ತೆಗಳನ್ನು, ಹಗಲಿರುಳೂ ಹಲವು ಯಂತ್ರಗಳಲ್ಲಿ ಹಿಡಿದಿಡತೊಡಗಿದರು. ಆರು ಗಂಟೆಗಳಿಗೊಮ್ಮೆ ಸುರುಳಿಗಳನ್ನು ಬದಲಾಯಿಸಬೇಕಾಗಿದ್ದುದರಿಂದ ಮನೆಯವರ ಊಟ ತಿರುಗಾಟಗಳೆಲ್ಲ ಆ ಲೆಕ್ಕಕ್ಕೆ ಹೊಂದಿಕೊಂಡಿರಬೇಕಾಗಿದ್ದಿತು. 2012ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ದಿನದವರೆಗೆ ಇದು ನಡೆಯಿತು. ಉಳಿದ ಸುರುಳಿಗಳು ಸುಮಾರು 70,000. ಅವು ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯ ವಶಕ್ಕೆ ಬಂದಿವೆ.