ನೀರನ್ನು ಮರಳಿ ತಂದ ಗಾಳಿಯಂತ್ರ

ಇಂಗ್ಲೆಂಡಿನ ಕೇಂಬ್ರಿಜ್ ನಗರದ ಈಶಾನ್ಯಕ್ಕೆ ವಿಕೆನ್ ಎಂಬ ಚಿಕ್ಕ ಗ್ರಾಮವೊಂದಿದೆ. ಅದರ ಅಂಚಿನಲ್ಲಿರುವ ವಿಕೆನ್ ಫೆನ್ ಎಂಬ ಜೌಗುಪ್ರದೇಶವನ್ನು ನೋಡಲು ದೂರದಿಂದಲೂ ಜನರು ಬರುತ್ತಾರೆ. ಕಾಲು ಹೂತುಹೋಗದಂತೆ ಹಲಗೆ ಹಾಸಿದ ದಾರಿ. ಇಕ್ಕೆಲಗಳಲ್ಲಿಯೂ ಆಳೆತ್ತರದ ಜೊಂಡು. ನಡುನಡುವೆ ಕಪ್ಪುನೀರಿನ ಕಾಲುವೆಗಳು. ಹಕ್ಕಿಗಳ ಕಣ್ಣಿಗೆ ಬೀಳದೆ ಕುಳಿತು ನೋಡಲು ಮರದ ಮರೆಮನೆಗಳು. ಅಲ್ಲಿ ಅಡಿಯಿಡುವ ಪ್ರವಾಸಿಗೆ, ಸೃಷ್ಟಿಯ ಆರಂಭದಿಂದಲೂ ಮನುಷ್ಯನ ಕೈ ಸೋಕದ ನೆಲವಿದು ಎಂದೇ ತೋರುತ್ತದೆ. ಆದರೆ ಆ ಜೊಂಡಿನ ನಡುವೆ ನಾಲ್ಕು ರೆಕ್ಕೆಗಳ ಮರದ ಗಾಳಿಯಂತ್ರವೊಂದು ನಿಂತಿದೆ. ನೆರೆಯ ಹೊಲಗಳನ್ನು ಒಣಗಿಸಲು ನೀರನ್ನು ಹೊರಕ್ಕೆತ್ತುವುದು ಅದರ ಮೊದಲ ಕೆಲಸವಾಗಿದ್ದಿತು. 1956ರಲ್ಲಿ ಅದನ್ನು ಬಿಚ್ಚಿ ಇಲ್ಲಿಗೆ ತಂದು ನಿಲ್ಲಿಸಿದರು. ಅಂದಿನಿಂದ ಅದರ ಕೆಲಸವೇ ತಿರುವುಮುರುವಾಯಿತು. ಹೊರಗಿನ ನೀರನ್ನು ಜೌಗಿನ ಒಳಕ್ಕೆ ಎತ್ತುವುದು ಈಗ ಅದರ ಕರ್ತವ್ಯ. ನೀರನ್ನು ಓಡಿಸಲೆಂದು ಹುಟ್ಟಿದ ಯಂತ್ರವು ನೀರನ್ನು ಮರಳಿ ಕರೆತರಲು ಏಕೆ ದುಡಿಯಬೇಕಾಯಿತು? ಈ ಪ್ರಶ್ನೆಯ ಉತ್ತರವೇ ಇಂಗ್ಲೆಂಡಿನ ಜೌಗುನಾಡಿನ ಇತಿಹಾಸವಾಗಿದೆ.

ಪೂರ್ವ ಇಂಗ್ಲೆಂಡಿನ ಆ ತಗ್ಗುಸೀಮೆಗೆ ಫೆನ್ ನಾಡೆಂದು ಹೆಸರು. ಅದರ ವಿಸ್ತಾರ ಸುಮಾರು 1500 ಚದರ ಮೈಲಿ. ಊಸ್, ನೀನ್, ವೆಲೆಂಡ್ ಮೊದಲಾದ ನದಿಗಳು ಸಮುದ್ರ ಸೇರುವ ಮುನ್ನ ಇಲ್ಲಿ ಹರಡಿ ನಿಲ್ಲುತ್ತಿದ್ದವು. ಚಳಿಗಾಲದಲ್ಲಿ ನಾಡಿಗೆ ನಾಡೇ ನೀರು, ಬೇಸಗೆಯಲ್ಲಿ ಹುಲ್ಲುಗಾವಲು. ಅಲ್ಲಿನ ಜನರು ಮೀನು ಹಿಡಿದು, ಕಾಡುಬಾತುಗಳನ್ನು ಬೇಟೆಯಾಡಿ, ಮನೆಯ ಸೂರಿಗೆ ಜೊಂಡು ಕೊಯ್ದು, ಪೀಟ್ ಎಂಬ ಕರಿಮಣ್ಣನ್ನು ಅಗೆದು ಒಲೆಗೆ ಉರಿಸಿ ಬಾಳುತ್ತಿದ್ದರು. ಹಾವುಮೀನುಗಳನ್ನೇ ಗೇಣಿಯಾಗಿ ಸಲ್ಲಿಸುತ್ತಿದ್ದುದೂ ಉಂಟು. ವಿಕೆನ್‌ನಲ್ಲಿ ಜೊಂಡಿನ ಜಾತಿಯ ಹುಲ್ಲನ್ನು ಕೊಯ್ಯುತ್ತಿದ್ದುದಕ್ಕೆ 1419ರಷ್ಟು ಹಿಂದಿನ ದಾಖಲೆಯಿದೆ. ಬದುಕು ಸುಖದ್ದೇನೂ ಆಗಿರಲಿಲ್ಲ. ಚಳಿಜ್ವರ ಮನೆಮನೆಯನ್ನೂ ಕಾಡುತ್ತಿತ್ತು. ಆದರೂ ನೀರು ಎಲ್ಲರದಾಗಿತ್ತು. ಭೂಮಿಯಿಲ್ಲದ ಬಡವನಿಗೂ ಅದರಲ್ಲಿ ಒಂದು ತುತ್ತು ಇತ್ತು.

ಒಣನೆಲದ ಶ್ರೀಮಂತರ ಕಣ್ಣಿಗೆ ಇದೆಲ್ಲವೂ ಪಾಳುಭೂಮಿಯಾಗಿ ಕಂಡಿತು. 1630ರಲ್ಲಿ ಬೆಡ್‌ಫರ್ಡಿನ ನಾಲ್ಕನೆಯ ಅರ್ಲ್ ಫ್ರಾನ್ಸಿಸ್ ರಸೆಲ್ ಎಂಬವನು ಜೌಗನ್ನು ಒಣಗಿಸುವ ಕಾರ್ಯಕ್ಕೆ ಕೈಹಾಕಿದನು. ಅವನೊಡನೆ 13 ಮಂದಿ ಹಣ ಹೂಡಿದರು. ಕೆಲಸ ಮುಗಿದ ಮೇಲೆ ಅವರಿಗೆ 95,000 ಎಕರೆ ಭೂಮಿ ದೊರೆಯಬೇಕೆಂದು ಕರಾರಾಯಿತು. ಕಾಲುವೆಗಳನ್ನು ಯೋಜಿಸಿದವನು ಹಾಲೆಂಡಿನ ಕಾರ್ನೀಲಿಯಸ್ ವರ್ಮುಯ್ಡನ್. ಡೊಂಕಾಗಿ ಹರಿಯುತ್ತಿದ್ದ ಊಸ್ ನದಿಯ ನೀರನ್ನು ಸಮುದ್ರಕ್ಕೆ ನೇರವಾಗಿ ಸಾಗಿಸಲು 21 ಮೈಲಿ ಉದ್ದದ ಕಾಲುವೆಯನ್ನು ಅವನು ತೋಡಿಸಿದನು. ಅಂತಃಕಲಹದ ಕಾರಣ ಕೆಲವು ಕಾಲ ನಿಂತ ಕೆಲಸ ಮರಳಿ ಆರಂಭವಾಗಿ, 1651ರಲ್ಲಿ ಅದರ ಜೊತೆಗೇ ಸಮಾಂತರವಾಗಿ ಇನ್ನೊಂದು ಕಾಲುವೆ ಮುಗಿಯಿತು. ಡನ್‌ಬಾರ್ ಕದನದಲ್ಲಿ ಸೆರೆಸಿಕ್ಕ ಸ್ಕಾಟ್ ಸೈನಿಕರನ್ನೂ ಈ ಅಗೆತಕ್ಕೆ ದುಡಿಸಿದರು. ಜೌಗಿನ ಜನರು ಸುಮ್ಮನಿರಲಿಲ್ಲ. ಏರಿಗಳನ್ನು ಒಡೆದರು, ತೋಡಿದ ಕಾಲುವೆಗಳನ್ನು ಮುಚ್ಚಿದರು. ಆದರೆ ಹಣವೂ ಶಾಸನವೂ ಇನ್ನೊಂದು ಪಕ್ಷದಲ್ಲಿದ್ದವು. ಮೀನು ಮತ್ತು ಜೊಂಡಿನ ಸೀಮೆ ಕ್ರಮೇಣ ಗೋಧಿಯ ಸೀಮೆಯಾಯಿತು.

ಮನುಷ್ಯನು ಗೆದ್ದನೆಂದು ತೋರಿದಾಗಲೇ ನೆಲವು ತನ್ನ ಲೆಕ್ಕವನ್ನು ತೆಗೆಯಿತು. ನೀರಿನಡಿಯಲ್ಲಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಶೇಖರವಾದ ಗಿಡಮೂಲಿಕೆಗಳ ರಾಶಿಯೇ ಪೀಟ್. ನೀರು ಹೋದೊಡನೆ ಅದು ಒಣಗಿ ಕುಗ್ಗುತ್ತದೆ. ಗಾಳಿ ತಾಗಿ ಕೊಳೆಯುತ್ತದೆ, ಒಳಗಿದ್ದ ಇಂಗಾಲವು ಅನಿಲವಾಗಿ ಹೊರಡುತ್ತದೆ. ಉಳಿದ ಪುಡಿಯನ್ನು ಬಿರುಗಾಳಿ ಒಯ್ಯುತ್ತದೆ. ಹೀಗೆ ಹೊಲಗಳು ವರ್ಷವರ್ಷವೂ ಇಳಿದವು, ನದಿಗಳು ಏರಿಗಳ ನಡುವೆ ಮೇಲೆಯೇ ಉಳಿದವು. ನೀರನ್ನು ಮೇಲೆತ್ತಲು ನೂರಾರು ಗಾಳಿಯಂತ್ರಗಳು ಬಂದವು. ಅವೂ ಸಾಲದೆ 1820ರ ದಶಕದಿಂದ ಉಗಿಯಂತ್ರಗಳು ಬಂದವು. ಒಣಗಿಸಿದಷ್ಟೂ ನೆಲ ತಗ್ಗುವುದು, ತಗ್ಗಿದಷ್ಟೂ ಯಂತ್ರದ ಬಲ ಹೆಚ್ಚಬೇಕಾಗುವುದು.

ಪೂರ್ವ ಇಂಗ್ಲೆಂಡಿನಲ್ಲಿ ವಿಟ್ಲ್‌ಸೀ ಎಂಬ ಮಹಾಸರೋವರವಿದ್ದಿತು. ಅದರಲ್ಲಿ ದೋಣಿಪಂದ್ಯಗಳು ನಡೆಯುತ್ತಿದ್ದವು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಜನರು ಜಾರಾಟವಾಡುತ್ತಿದ್ದರು. 1851ರಲ್ಲಿ, ಅದೇ ವರ್ಷದ ಲಂಡನ್ ಮಹಾಪ್ರದರ್ಶನದಲ್ಲಿ ಹೊಗಳಿಕೆ ಪಡೆದ ಹೊಸ ಬಗೆಯ ಪಂಪಿನಿಂದ ಅದನ್ನು ಬರಿದುಮಾಡಿದರು. ನೆಲ ಎಷ್ಟು ಕುಸಿಯುವುದೆಂದು ಅಳೆಯುವ ಸಲುವಾಗಿ ಹತ್ತಿರದ ಹೋಮ್ ಫೆನ್‌ನಲ್ಲಿ ಕಬ್ಬಿಣದ ಕಂಬವೊಂದನ್ನು ತಲೆಯು ನೆಲಮಟ್ಟಕ್ಕೆ ಸರಿಯಾಗುವಂತೆ ಹೂತರು. ಇಂದು ಆ ಕಂಬವು ನೆಲದಿಂದ ಸುಮಾರು 4 ಮೀಟರ್ ಮೇಲೆ ನಿಂತಿದೆ. ಕಂಬ ಮೇಲೇರಲಿಲ್ಲ, ನಾಡೇ ಕೆಳಗಿಳಿಯಿತು. ಈ ಜೌಗಿನಲ್ಲಿ ಹಾರಾಡುತ್ತಿದ್ದ ತಾಮ್ರವರ್ಣದ ದೊಡ್ಡ ಚಿಟ್ಟೆಯ ಇಂಗ್ಲಿಷ್ ತಳಿಯು ಹೆಚ್ಚು ಕಡಮೆ ಆ ಕಾಲಕ್ಕೇ ಅಳಿದುಹೋಯಿತು. 1927ರಲ್ಲಿ ಹಾಲೆಂಡಿನಿಂದ ಅದರ ಸೋದರತಳಿಯನ್ನು ತಂದು ವುಡ್‌ವಾಲ್ಟನ್ ಫೆನ್‌ನಲ್ಲಿ ಬಿಟ್ಟರು. ಬಹುಕಾಲ ಪೋಷಿಸಿದರೂ ಅದು ನೆಲೆಯೂರಲಿಲ್ಲ. ಕಳೆದುದೆಲ್ಲವೂ ಮರಳಿ ಬರುವುದೆಂಬ ಭರವಸೆಯಿಲ್ಲ ಎಂಬುದಕ್ಕೆ ಈ ಚಿಟ್ಟೆಯೇ ಸಾಕ್ಷಿ.

ಇಂತಿರಲು 1899ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯು ವಿಕೆನ್‌ನಲ್ಲಿ 2 ಎಕರೆ ಜೌಗನ್ನು 10 ಪೌಂಡಿಗೆ ಕೊಂಡಿತು. ಹೊಲಮಾಡಲಲ್ಲದೆ, ಇದ್ದಂತೆಯೇ ಇರಿಸಲು ಜೌಗನ್ನು ಬೆಲೆಕೊಟ್ಟು ಕೊಂಡದ್ದು ಅಂದಿನವರಿಗೆ ವಿಚಿತ್ರವಾಗಿಯೇ ತೋರಿರಬೇಕು. ಕೀಟಶಾಸ್ತ್ರದಲ್ಲಿ ಆಸಕ್ತನಾಗಿದ್ದ ಚಾರ್ಲ್ಸ್ ರಾತ್ಸ್‌ಚೈಲ್ಡ್ 1901ರಲ್ಲಿ ಇನ್ನಷ್ಟು ನೆಲವನ್ನು ಕೊಂಡು ಇದಕ್ಕೆ ಸೇರಿಸಿದನು. 1912ರಲ್ಲಿ ಇಂಥ ನೆಲೆಗಳ ರಕ್ಷಣೆಗೆಂದೇ ಅವನು ಒಂದು ಸಂಘವನ್ನು ಕಟ್ಟಿದನು. ಆ ಎರಡು ಎಕರೆಯ ಬೀಜದಿಂದ ಬೆಳೆದ ವಿಕೆನ್‌ನಲ್ಲಿ ಈಗ 9000ಕ್ಕಿಂತ ಹೆಚ್ಚು ಜಾತಿಯ ಜೀವಿಗಳನ್ನು ಗುರುತಿಸಿದ್ದಾರೆ.

ಎರಡನೆಯ ಮಹಾಯುದ್ಧವು ನೀರಿನ ಕಥೆಯನ್ನು ಏಕಕಾಲಕ್ಕೆ ಎರಡು ದಿಕ್ಕಿಗೆ ಎಳೆಯಿತು. ಆಹಾರದ ಅಭಾವದಿಂದ ವಿಕೆನ್‌ನ ಒಂದು ಭಾಗವನ್ನೇ ಒಣಗಿಸಿ ಉತ್ತರು. ಅತ್ತ ಸಫಕ್ ಕರಾವಳಿಯ ಮಿನ್ಸ್‌ಮಿಯರ್‌ನಲ್ಲಿ, ಶತ್ರುಸೈನ್ಯ ಇಳಿಯದಿರಲೆಂದು 1940ರಲ್ಲಿ ಹುಲ್ಲುಗಾವಲುಗಳಿಗೆ ನೀರು ನುಗ್ಗಿಸಿದರು. ಯುದ್ಧ ಮುಗಿಯಿತು, ನೀರು ಉಳಿಯಿತು. ನೂರು ವರ್ಷಗಳಿಂದ ಇಂಗ್ಲೆಂಡಿನಲ್ಲಿ ಗೂಡು ಕಟ್ಟದಿದ್ದ ಆವೊಸೆಟ್ ಎಂಬ ಹಕ್ಕಿಯು, ಮೇಲಕ್ಕೆ ಬಾಗಿದ ತನ್ನ ತೆಳುಕೊಕ್ಕಿನೊಡನೆ 1947ರಲ್ಲಿ ಅಲ್ಲಿ ಬಂದಿಳಿದು ಮರಿಮಾಡಿತು. ಇಂದು ಮಿನ್ಸ್‌ಮಿಯರ್‌ಗೆ ಹೋಗುವವರು ಮೊದಲು ವಿಚಾರಿಸುವ ಹಕ್ಕಿಗಳಲ್ಲಿ ಅದೂ ಒಂದು.

ನಾರ್‌ಫಕ್ ಪ್ರಾಂತದ ಬ್ರಾಡ್ಸ್ ಎಂಬ ಸರೋವರಗಳ ಕಥೆ ಇನ್ನೂ ವಿಸ್ಮಯಕರ. ಅವು ನಿಸರ್ಗನಿರ್ಮಿತವೆಂದು ಎಲ್ಲರೂ ನಂಬಿದ್ದರು. 1950ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯಶಾಸ್ತ್ರಜ್ಞೆ ಸರೋವರಗಳ ತಳವನ್ನು ಕೊರೆದು ಪರೀಕ್ಷಿಸಿದರು. ದಂಡೆಗಳು ಗೋಡೆಯಂತೆ ಕಡಿದಾಗಿ ಇಳಿದಿದ್ದವು. ಮಧ್ಯಯುಗದ ಜನರು ಉರುವಲಿಗಾಗಿ ಪೀಟ್ ಅಗೆದ ಗುಂಡಿಗಳು ಅವು. 14ನೆಯ ಶತಮಾನದ ಹೊತ್ತಿಗೆ ಏರಿದ ನೀರು ಅವನ್ನು ತುಂಬಿತೆಂದು ಸ್ಥಿರಪಟ್ಟಿತು. ಅಂದರೆ, ವಿಹಾರಿಗಳು ಪ್ರಕೃತಿಯ ಕೊಡುಗೆಯೆಂದು ಕೊಂಡಾಡಿದ ನೀರು ಅಜ್ಞಾತ ಕೂಲಿಗಳ ಗುದ್ದಲಿಯ ಫಲವಾಗಿತ್ತು.

ಮೊದಲಿನ ಪ್ರಶ್ನೆಗೆ ಈಗ ಉತ್ತರ ದೊರೆಯುತ್ತದೆ. ಸುತ್ತಲಿನ ಹೊಲಗಳು ಇಳಿದುಹೋದುದರಿಂದ ವಿಕೆನ್ ಫೆನ್ ಎತ್ತರದಲ್ಲಿ ಉಳಿದಿದೆ. ಅದರ ನೀರು ಹೊರಕ್ಕೆ ಸೋರುತ್ತದೆ. ನೀರೆತ್ತದಿದ್ದರೆ ಜೌಗು ಒಣಗುವುದು. ಹುಲ್ಲನ್ನು ಹಿಂದಿನವರಂತೆ ಸರದಿಯ ಪ್ರಕಾರ ಕೊಯ್ಯದಿದ್ದರೆ ಪೊದೆ ಬೆಳೆದು ಕಾಡಾಗುವುದು. ಆದುದರಿಂದ ರಕ್ಷಿಸುವುದೆಂದರೆ ಬೇಲಿ ಹಾಕಿ ಸುಮ್ಮನೆ ಕೂರುವುದಲ್ಲ, ನಿತ್ಯವೂ ದುಡಿಯುವುದು. ದುಡಿಮೆಗೆ ಫಲವೂ ಉಂಟು. ಜೊಂಡಿನಲ್ಲಿ ಅಡಗಿ ಗೂಳಿಯಂತೆ ಗುಟುರುವ ಬಿಟರ್ನ್ ಎಂಬ ಹಕ್ಕಿಯ ಗಂಡುಗಳು 1997ರಲ್ಲಿ ಬ್ರಿಟನ್ನಿನಲ್ಲಿ 11 ಮಾತ್ರ ಇದ್ದವು; ಜೊಂಡಿನ ನೆಲೆಗಳನ್ನು ಸರಿಪಡಿಸಿದ ಮೇಲೆ, 2020ರ ದಶಕದಲ್ಲಿ ಅವುಗಳ ಸಂಖ್ಯೆ 200ನ್ನು ದಾಟಿತು. ಒಣಗಿಸಿದ ಫೆನ್ ನಾಡು ಇಂದಿಗೂ ಇಂಗ್ಲೆಂಡಿಗೆ ಗೋಧಿಯನ್ನೂ ತರಕಾರಿಯನ್ನೂ ಬೆಳೆದುಕೊಡುತ್ತಿದೆಯೆಂಬುದನ್ನು ಮರೆಯಬಾರದು. ಪೂರ್ವಿಕರನ್ನು ಹಳಿಯುವುದು ಸುಲಭ. ಅವರ ಲೆಕ್ಕದಲ್ಲಿ ಬಿಟ್ಟುಹೋದ ಅಂಕಿಗಳನ್ನು ಕಂಡುಹಿಡಿಯುವುದೇ ಇತಿಹಾಸದ ವಿದ್ಯಾರ್ಥಿಯ ಕೆಲಸ.

1971ರಲ್ಲಿ ಇರಾನಿನ ರಾಮ್‌ಸಾರ್ ಪಟ್ಟಣದಲ್ಲಿ ಜೌಗುನೆಲಗಳ ರಕ್ಷಣೆಗಾಗಿ ರಾಷ್ಟ್ರಗಳ ಒಪ್ಪಂದವಾಯಿತು. ಅದರ ಪಟ್ಟಿಯಲ್ಲಿ ವಿಕೆನ್ ಫೆನ್ ಇದೆ. ಕಾವೇರಿಗೆ ಕಟ್ಟಿದ ಒಡ್ಡಿನಿಂದ ರೂಪುಗೊಂಡು, 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು 2022ರಲ್ಲಿಯೂ, ವಿಜಯನಗರ ಜಿಲ್ಲೆಯ ಅಂಕಸಮುದ್ರದ ಕೆರೆ 2024ರಲ್ಲಿಯೂ ಅದೇ ಪಟ್ಟಿಗೆ ಸೇರಿದವು. ಇವೂ ಮನುಷ್ಯನ ಕೈಕೆಲಸದಿಂದಲೇ ಹುಟ್ಟಿದ ನೀರುಗಳು. ಉಪಾಧ್ಯಾಯರು ಮಕ್ಕಳನ್ನು ತಮ್ಮೂರಿನ ಕೆರೆಯ ಏರಿಗೆ ಕರೆದೊಯ್ದಾಗ ಇದನ್ನು ಕಟ್ಟಿದವರು ಯಾರು, ಇದರಿಂದ ಉಂಡವರು ಯಾರು, ಇದರ ಹೂಳನ್ನು ಇಂದು ತೆಗೆಯುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳಿಸಲಿ. ವಿಕೆನ್‌ನ ಗಾಳಿಯಂತ್ರವು ರೆಕ್ಕೆಯ ಸುತ್ತುಸುತ್ತಿಗೂ ಕೇಳುತ್ತಿರುವುದು ಅವೇ ಪ್ರಶ್ನೆಗಳನ್ನು.