ಪಕ್ಷನಿಷ್ಠೆ ಮತ್ತು ಪಕ್ಷಾಂತರ: ಚಾರ್ಲ್ಸ್ ಜೇಮ್ಸ್ ಫಾಕ್ಸ್

ಪಕ್ಷವನ್ನು ಬಿಟ್ಟವನನ್ನು ನಾವು ಗಾಳಿ ಬಂದಾಗ ತೂರಿಕೊಳ್ಳುವವನೆಂದು ಹಳಿಯುತ್ತೇವೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ರಾಜಕಾರಣಿಗಳನ್ನು ಈ ಒಂದೇ ಅಳತೆಗೋಲಿನಿಂದ ಅಳೆದರೆ ಅವರಿಗೆ ಅನ್ಯಾಯವಾದೀತು. ವ್ಹಿಗ್, ಟೋರಿ ಎಂಬ ಹೆಸರುಗಳು ಆಗಲೂ ಇದ್ದುವು. ಆದರೆ ಇಂದಿನ ಪಕ್ಷಗಳ ಕಟ್ಟುನಿಟ್ಟಾದ ಸಂಘಟನೆ ಅವಕ್ಕಿರಲಿಲ್ಲ. ಬಂಧುತ್ವ, ಸ್ನೇಹ, ಶ್ರೀಮಂತರ ಆಶ್ರಯ, ಅರಸನ ಕೃಪೆ ಇವೇ ಗುಂಪುಗಳನ್ನು ಕಟ್ಟುತ್ತಲೂ ಒಡೆಯುತ್ತಲೂ ಇದ್ದುವು.

ಚಾರ್ಲ್ಸ್ ಜೇಮ್ಸ್ ಫಾಕ್ಸನು ಮೊದಲು ಲಾರ್ಡ್ ನಾರ್ತನ ಸರ್ಕಾರದಲ್ಲಿಯೇ ಕಿರಿಯ ಅಧಿಕಾರದಲ್ಲಿದ್ದನು. 1774ರಲ್ಲಿ ಅದನ್ನು ಕಳೆದುಕೊಂಡ ಬಳಿಕ, ಅಮೆರಿಕದ ಯುದ್ಧಕ್ಕಾಗಿ ನಾರ್ತನನ್ನು ವರ್ಷಗಟ್ಟಲೆ ಖಂಡಿಸಿದನು. 1782ರ ಮಾರ್ಚಿಯಲ್ಲಿ ನಾರ್ತನು ಅಧಿಕಾರ ಬಿಟ್ಟನು. ಮರುವರ್ಷ ಏಪ್ರಿಲಿನಲ್ಲಿ ಫಾಕ್ಸನು ಅದೇ ನಾರ್ತನ ಜೊತೆಗೂಡಿ ಮಂತ್ರಿಯಾದನು! ಪೋರ್ಟ್‌ಲೆಂಡಿನ ಡ್ಯೂಕನು ಹೆಸರಿಗೆ ಮಾತ್ರ ಪ್ರಧಾನಿ. ಯುದ್ಧ ಮುಗಿದ ಮೇಲೆ ಹಳೆಯ ಜಗಳವೂ ಮುಗಿಯಿತೆಂಬುದು ಫಾಕ್ಸನ ವಾದ. ಜನರು ಅದನ್ನು ಒಪ್ಪಲಿಲ್ಲ.

ಈ ಕೂಟದ ಅಳಿವು ಉಳಿವು ನಿರ್ಧಾರವಾದುದು ಭಾರತದ ವಿಷಯದಲ್ಲಿ. ಮೈಸೂರಿಗೂ ಈಸ್ಟ್ ಇಂಡಿಯಾ ಕಂಪೆನಿಗೂ 1780ರಲ್ಲಿ ಹೊತ್ತಿದ ಯುದ್ಧದಲ್ಲಿ ಆಗಿನ್ನೂ ಸಂಧಿಯಾಗಿರಲಿಲ್ಲ. ಕಂಪೆನಿಯ ಆಡಳಿತವನ್ನು ಏಳು ಮಂದಿ ಕಮಿಷನರುಗಳಿಗೆ ಒಪ್ಪಿಸುವ ಮಸೂದೆಯನ್ನು ಫಾಕ್ಸನು ತಂದನು. ಕಂಪೆನಿಯ ಅನ್ಯಾಯವನ್ನು ತಡೆಯುವ ಉದ್ದೇಶವೇನೋ ಘನವಾದುದು. ಆದರೆ ಏಳು ಮಂದಿಯೂ ಕೂಟದ ಕಡೆಯವರೇ. ಭಾರತದ ಹುದ್ದೆಗಳನ್ನೆಲ್ಲ ತಮ್ಮವರಿಗೆ ಹಂಚಲು ಹೂಡಿದ ಹಂಚಿಕೆಯಿದೆಂದು ವಿರೋಧಿಗಳು ಕೂಗಿದರು. ನಾರ್ತನ ಕೈಹಿಡಿದವನ ಮಾತನ್ನು ನಂಬುವವರಾರು? ಕಾಮನ್ಸ್ ಸಭೆ ಮಸೂದೆಯನ್ನು ಅಂಗೀಕರಿಸಿತು. ಅದಕ್ಕೆ ಮತ ಕೊಟ್ಟವರು ತನಗೆ ಶತ್ರುಗಳೆಂದು ದೊರೆ ಮೂರನೆಯ ಜಾರ್ಜನು ಲಾರ್ಡ್ ಟೆಂಪಲನ ಮೂಲಕ ಪ್ರಭುಗಳಿಗೆ ತಿಳಿಸಿದನು. 1783ರ ಡಿಸೆಂಬರಿನಲ್ಲಿ ಲಾರ್ಡ್ಸ್ ಸಭೆಯಲ್ಲಿ ಮಸೂದೆ ಬಿದ್ದಿತು. ಮಂತ್ರಿಮಂಡಲ ವಜಾ ಆಯಿತು. 24 ವರ್ಷದ ಪಿಟ್ಟನು ಪ್ರಧಾನಿಯಾದನು. 1784ರ ಚುನಾವಣೆಯಲ್ಲಿ ಫಾಕ್ಸನ ಅನುಯಾಯಿಗಳು ಬಹು ಸಂಖ್ಯೆಯಲ್ಲಿ ಸೋತರು.

ಇದಕ್ಕೆ ಪ್ರತಿಯಾಗಿ 1791ರ ಘಟನೆಯೊಂದನ್ನು ನೆನೆಯೋಣ. ಆ ಮಸೂದೆಗಾಗಿ ಫಾಕ್ಸನೊಡನೆ ದುಡಿದ ಎಡ್ಮಂಡ್ ಬರ್ಕನು ಫ್ರಾನ್ಸಿನ ಕ್ರಾಂತಿಯನ್ನು ಕುರಿತ ಭಿನ್ನಾಭಿಪ್ರಾಯದಿಂದ ತಮ್ಮ ಸ್ನೇಹ ಮುಗಿಯಿತೆಂದು ತುಂಬಿದ ಸಭೆಯಲ್ಲಿ ಸಾರಿದನು. ಫಾಕ್ಸನು ಕಣ್ಣೀರಿಟ್ಟನು. ಬರ್ಕನ ದೃಷ್ಟಿಯಲ್ಲಿ ತತ್ತ್ವ ಬಿಟ್ಟವನು ತಾನಲ್ಲ, ಫಾಕ್ಸನೇ.

ಇಬ್ಬರೂ ಹಳೆಯ ನಂಟನ್ನು ಮುರಿದವರೇ. ಒಬ್ಬನು ಮುರಿದಾಗ ಮಂತ್ರಿಪದವಿ ದೊರೆಯಿತು. ಇನ್ನೊಬ್ಬನು ಮುರಿದಾಗ ಗೆಳೆಯನೇ ಹೋದನು. ಆದರೆ ದೊರೆಯ ಅಧಿಕಾರಕ್ಕೆ ಮಿತಿಯಿರಬೇಕೆಂಬ ನಿಲುವನ್ನು ಫಾಕ್ಸನೂ ಕಡೆಯವರೆಗೆ ಬಿಡಲಿಲ್ಲ. ಆದುದರಿಂದ ಯಾರು ಯಾವ ಸಾಲಿನಲ್ಲಿ ಕುಳಿತರೆಂಬುದನ್ನಷ್ಟೇ ನೋಡಿ ನಾವು ತೀರ್ಪು ಕೊಡಲಾರೆವು. ಅಲ್ಲಿ ಕುಳಿತು ಅವರು ಯಾವುದನ್ನು ಉಳಿಸಿಕೊಂಡರು, ಅದಕ್ಕೆ ಏನು ಬೆಲೆ ತೆತ್ತರು ಎಂಬುದನ್ನೂ ವಿಚಾರಿಸಬೇಕು.